ನಾನು ಚಹಾ ಬಿಟ್ಟದ್ದು

ಮೈಯಲ್ಲಿ ಕಸುವಿಲ್ಲ ಎಂದು ಹೇಳಿಕೊಳ್ಳಲು ನಮಗೆ ನಾಚಿಕೆ. ಅದಕ್ಕೆ ಔಷಧ ಸಿಕ್ಕಿತೆಂದು ಊರೆಲ್ಲ ಸಾರಿಕೊಂಡು ಬರಲು ಮಾತ್ರ ಯಾವ ನಾಚಿಕೆಯೂ ಇಲ್ಲ. ನನಗೂ ಇರಲಿಲ್ಲ. ಆಗಲೇ ಸ್ವಲ್ಪ ಇದ್ದಿದ್ದರೆ ಈಗ ಇಷ್ಟೊಂದು ನಾಚಿಕೆ ಪಡುವ ಪ್ರಸಂಗ ಬರುತ್ತಿರಲಿಲ್ಲ.

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಪಾವರ್‌ಲೂಮುಗಳಿವೆ. ಅವು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಅಂಥ ಸದ್ದಿನಲ್ಲಿಯೂ ಮಧ್ಯಾಹ್ನದ ಊಟವಾದ ಮೇಲೆ ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಎಳೆ ಹರಿದದ್ದು ಕಾಣದೆ ಎಷ್ಟು ಸೀರೆ ಕೆಡಿಸಿದೆನೋ. ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ, ಆ ಮೌನಕ್ಕೆ ಗಾಬರಿಯಾಗಿ ಎಚ್ಚರವಾಗುತ್ತಿತ್ತು. ಒಮ್ಮೆ ಜಮಖಂಡಿಯಿಂದ ಬಂದ ಸೋದರಮಾವ ನನ್ನ ಮುಖವನ್ನು ದಿಟ್ಟಿಸಿ, "ಚಾ ಕುಡದ ಕುಡದ ಹಿಂಗ ಆಗೀದಿ. ಅದ ನಿನ್ನ ಕಸುವು ತಿನ್ನಾಕತ್ತೈತಿ. ಶುಂಠಿ, ಮೆಣಸು, ತುಳಸಿ, ಬೆಲ್ಲ ಹಾಕಿ ಕಷಾಯ ಕುಡಿ" ಎಂದರು.

ಅಂದಿನಿಂದಲೇ ಹೆಂಡತಿ ನೀಲವ್ವ ಕಷಾಯ ಕುದಿಸತೊಡಗಿದಳು. ಮೊದಲ ಕೆಲವು ದಿನ ತಲೆ ಸಿಡಿಯಿತು. ಮಕ್ಕಳನ್ನು ಬೈದೆ, ನೂಲನ್ನು ಬೈದೆ, ಬಂದ ಗಿರಾಕಿಯನ್ನೂ ಬೈದೆ. ಆಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕಣ್ಣು ನಿಚ್ಚಳವಾದವು, ಕೈ ಚುರುಕಾದವು, ತೂಕಡಿಕೆ ಹೇಳಹೆಸರಿಲ್ಲದೆ ಹೋಯಿತು. ಕಷಾಯ ಅಂದರೆ ಇದು ಎಂದುಕೊಂಡೆ. ಎದುರಿನ ಚಹಾದಂಗಡಿಯ ಮುಂದೆ ನಿಂತು ಕುಡಿಯುವವರಿಗೆ ಬುದ್ಧಿ ಹೇಳತೊಡಗಿದೆ. ಹಿಂದಿನ ಓಣಿಯ ನೇಕಾರ ಈರಣ್ಣನಂತೂ ನನ್ನ ಮಾತು ನಂಬಿ ಚಹಾ ಬಿಟ್ಟೇಬಿಟ್ಟ. "ಹಂಗ ಊರ ತುಂಬ ಹೇಳಕೋತ ತಿರಗಬ್ಯಾಡ್ರಿ" ಎಂದು ನೀಲವ್ವ ಒಂದೆರಡು ಸಲ ಅಂದಳು. ಗಂಡನಿಗೆ ದೃಷ್ಟಿಯಾದೀತೆಂದು ಹೆದರಿದ್ದಾಳೆ, ಪಾಪ, ಎಂದುಕೊಂಡೆ.

ಅದೇ ಹೊತ್ತಿಗೆ ತಮ್ಮ ಮಲ್ಲೇಶಿಗೆ ಮುಧೋಳದಲ್ಲಿ ಹೆಣ್ಣು ನೋಡಲು ನೀಲವ್ವನೂ ಸೇರಿ ಮೂವರೂ ಹೊರಟೆವು. ಹುಡುಗಿಯನ್ನು ಅವನು ಯಾರದೋ ಮದುವೆಯಲ್ಲಿ ಮೊದಲೇ ನೋಡಿ ಮನಸ್ಸು ಕೊಟ್ಟಿದ್ದ. ಅಂಗಿ ಸುಕ್ಕಾದೀತೆಂದು ಬಸ್ಸಿನಲ್ಲಿ ಸೀಟಿಗೆ ಒರಗದೆ ಕುಳಿತು ಬಂದಿದ್ದ. ಅಪ್ಪ ಇಲ್ಲದ್ದರಿಂದ ಹಿರಿಯ ನಾನೇ. ನಮ್ಮ ಕಡೆ ಹೆಣ್ಣಿನ ಮನೆಯಲ್ಲಿ ಬಾಯಿಬಿಟ್ಟು ಬೇಡ ಎನ್ನುವವರಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಹಿರಿಯರು ಚಹಾ ಮುಟ್ಟುವುದಿಲ್ಲ, ಅಷ್ಟರಿಂದಲೇ ಅವರು ತಿಳಿದುಕೊಳ್ಳುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹುಡುಗಿ ತಾಟು ಹಿಡಿದು ನನ್ನ ಮುಂದೆ ಬಾಗಿದಾಗ ನನ್ನ ಬಾಯಿಂದ ಬಂದದ್ದು ದಿನವೂ ಹೇಳಿ ರೂಢಿಯಾದ ಮಾತು: "ಒಲ್ಲೆವ್ವಾ, ನಾ ಚಾ ಮುಟ್ಟೂದಿಲ್ಲ."

ಹುಡುಗಿ ತಾಟನ್ನು ಕೆಳಗಿಟ್ಟಳು. ಮಲ್ಲೇಶಿಯ ಮುಖ ಬಿಳಿಚಿತು. ಹುಡುಗಿಯ ಅಪ್ಪ ಮೆಲ್ಲಗೆ, "ಹಂಗಾರ ನಮ್ಮ ಮನಿ ನಿಮಗ ಮನಸಿಗಿ ಬರಲಿಲ್ಲ ಅನ್ರಿ" ಎಂದರು. ಅಲ್ಲಿಗಾದರೂ ಕಪ್ಪು ಎತ್ತಿಕೊಳ್ಳಬೇಕಿತ್ತು. ನಾನು ವಿವರಿಸಲು ಹೋದೆ: "ಹಂಗಲ್ರಿ, ಚಾ ಅಂದ್ರ ಅದು ವಿಷಾ." ಮೂಲೆಯಲ್ಲಿದ್ದ ಅಜ್ಜಿ ತಲೆಯೆತ್ತಿ, "ನಮ್ಮ ಮನ್ಯಾಗ ಬಂದವರಿಗಿ ವಿಷಾ ಕೊಡತೇವೇನಪಾ?" ಎಂದಳು.

ತಮ್ಮನ ಬಾಳನ್ನು ಒಂದು ಕಪ್ಪಿನಲ್ಲಿ ಮುಳುಗಿಸಿದೆನಲ್ಲಾ ಎಂದು ನನಗೆ ಬೆವರು ಕಿತ್ತು ಬಂತು. ಆಗ ನೀಲವ್ವ ಸೆರಗು ಸರಿಮಾಡಿಕೊಂಡಳು. "ಆಯಿ, ಸಿಟ್ಟಾಗಬ್ಯಾಡ್ರಿ. ಇವರು ಚಾ ಬಿಟ್ಟೇ ಇಲ್ಲ. ತಲಿನೋವು ಅಂತ ಮನಿಮಂದೀನ ಹರಕೊಂಡ ತಿನ್ನಾಕತ್ತಿದ್ರು, ತಡಿಲಾರದ ನಾನ ಕಷಾಯದಾಗ ಚಾಪುಡಿ ಹಾಕಾಕ ಸುರು ಮಾಡಿದೆ. ಅವತ್ತಿಂದ ದಿನಾ ಅದನ್ನ ಕುಡಿಯಾಕತ್ತಾರ. ಇವರಿಗಿ ಗೊತ್ತಿಲ್ಲ."

ಮೊದಲು ನಕ್ಕವಳು ಆ ಹುಡುಗಿಯೇ. ಆಮೇಲೆ ಅಜ್ಜಿ, ಆಮೇಲೆ ಇಡೀ ಮನೆ. ಮಲ್ಲೇಶಿ ನಕ್ಕದ್ದು ನನಗೆ ಹೆಚ್ಚು ಚುಚ್ಚಿತು. ನಾನು ತಲೆ ತಗ್ಗಿಸಿ ಕಪ್ಪು ಎತ್ತಿಕೊಂಡು ತಳ ಕಾಣುವವರೆಗೆ ಕುಡಿದೆ. ಅಜ್ಜಿ ಇನ್ನೊಂದು ಕೊಡಿಸಿದಳು, ಅದನ್ನೂ ಕುಡಿದೆ. ಮದುವೆ ಗಟ್ಟಿಯಾಯಿತು. ಬಸ್ಸಿನಲ್ಲಿ ಮಲ್ಲೇಶಿ ಅಂಗಿಯ ಚಿಂತೆ ಬಿಟ್ಟು ಆರಾಮಾಗಿ ಒರಗಿ ಕುಳಿತಿದ್ದ. ನಾನು ಕಿಟಕಿಯಾಚೆ ಕಬ್ಬು ನೋಡುತ್ತ ಬಂದೆ. ಹೆಂಡತಿಯ ಮುಖ ನೋಡುವ ಧೈರ್ಯ ಇರಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮರುದಿನ ಈರಣ್ಣ ಆಕಳಿಸುತ್ತ ಬಂದ. ಕಣ್ಣು ಕೆಂಪಗಿದ್ದವು.

"ಅಣ್ಣಾರ, ನೀವು ಹೇಳಿದಂಗ ಕಷಾಯ ಕುಡಿಯಾಕತ್ತೇನ್ರಿ. ನಿಮಗ ಬಂದಂಗ ಹುಷಾರ ನನಗ ಬರವಲ್ದು. ತಲಿ ಅಂದ್ರ ಬರೇ ಸಿಡೀತೈತಿ. ನಾ ಏನರೆ ಹಾಕೂದು ಬಿಟ್ಟೇನಿ ಏನ್ರಿ?"

ಒಳಗಿನಿಂದ ನೀಲವ್ವ ಕೆಮ್ಮಿದಳು. ಬಿಟ್ಟದ್ದು ಏನೆಂದು ಹೇಳಲು ಬಾಯಿ ತೆರೆದೆ. ಚಹಾದಂಗಡಿಯ ಮಂದಿಯೆಲ್ಲ ಕಣ್ಣ ಮುಂದೆ ಬಂದರು. ಬಾಯಿ ಮುಚ್ಚಿ, ಮತ್ತೆ ತೆರೆದೆ.

"ಅದು ಕೈಗುಣದ ಮಾತು, ಈರಣ್ಣ. ನಿಮ್ಮ ಮನಿಯವರಿಗಿ ಒಂದೀಟು ನಮ್ಮ ನೀಲವ್ವನ್ನ ಕಂಡ ಹೋಗಾಕ ಹೇಳ್ರಿ. ನೀವ ಮಾತ್ರ ಜೋಡಿ ಬರಬ್ಯಾಡ್ರಿ."