ಅಟಾರ್ನಿ ಜನರಲ್‌ಗೆ ನಮ್ಮ ಮನೆಯ ಒಂದು ಮತ

ಕಳೆದ ಅಕ್ಟೋಬರ್‌ನ ಮೊದಲ ಶನಿವಾರ ಹೌನ್ಸ್ಲೋದ ನಮ್ಮ ಫ್ಲ್ಯಾಟಿಗೆ ಅಮೆರಿಕದಿಂದ ಒಂದು ಮತಪತ್ರ ಬಂತು. ಬಂದದ್ದು ನನ್ನ ಹೆಂಡತಿ ಶೈಲಾಳ ಹೆಸರಿಗೆ. ಬೆಂಗಳೂರಿನಲ್ಲಿ ಹುಟ್ಟಿ, ಹದಿನಾಲ್ಕು ವರ್ಷ ಅಮೆರಿಕದ ಒಂದು ರಾಜ್ಯದಲ್ಲಿದ್ದು, ಅಲ್ಲಿಯ ಪ್ರಜೆಯೂ ಆಗಿ, ನನ್ನನ್ನು ಮದುವೆಯಾದ ತಪ್ಪಿಗೆ ಲಂಡನ್ನಿಗೆ ಬಂದವಳು.

ಮತಪತ್ರ ಎಂದರೆ ಒಂದು ಚೀಟಿ ಎಂದುಕೊಂಡಿದ್ದೆ. ಇದು ಮದುವೆಮನೆಯ ಸಾಮಾನಿನ ಪಟ್ಟಿಯಷ್ಟು ಉದ್ದವಿತ್ತು. ಗವರ್ನರ್, ಅಟಾರ್ನಿ ಜನರಲ್ ಎಂಬ ಸರ್ಕಾರದ ಮುಖ್ಯ ವಕೀಲ, ಖಜಾಂಚಿ, ಕೃಷಿ ಇಲಾಖೆಯ ಮುಖ್ಯಸ್ಥ, ಎಲ್ಲರನ್ನೂ ಜನರೇ ಆರಿಸಬೇಕು. ಇಲ್ಲಿ ಅಟಾರ್ನಿ ಜನರಲ್‌ರನ್ನು ಪ್ರಧಾನಿಯೇ ಹುಡುಕಿಕೊಳ್ಳುತ್ತಾರೆ. ನನ್ನನ್ನು ಕೇಳುವುದು ಕೌನ್ಸಿಲ್ಲಿನವರು, ಕಸದ ಡಬ್ಬಿಯ ಬಣ್ಣದ ಬಗ್ಗೆ, ಅದೂ ತೀರ್ಮಾನವಾದ ಮೇಲೆ.

"ಯಾರಿಗೆ ಹಾಕ್ಲಿ, ನೀನೇ ಹೇಳಪ್ಪ. ಪೇಪರ್‌ನವನು ತಾನೇ?" ಎಂದಳು ಶೈಲಾ.

ಇಪ್ಪತ್ತು ವರ್ಷದಿಂದ ಸುದ್ದಿಮನೆಯಲ್ಲಿ ಬೇರೆಯವರ ವರದಿ ತಿದ್ದುವುದು ನನ್ನ ಕೆಲಸ. ಎರಡು ಕಡೆಯಿಂದ ಖಚಿತವಾಗದೆ ಮಳೆ ಬಂತೆಂದೂ ಬರೆಯುವವನಲ್ಲ. ಒಂದು ವಾರ ಅಭ್ಯರ್ಥಿಗಳನ್ನು ಜಾಲಾಡಿದೆ. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ಅಪ್ಪ, ನಮ್ಮ ಮನೆಯಿಂದ ಒಯ್ದ ಏಣಿಯನ್ನು ಹೇಳಿಸಿಕೊಳ್ಳದೆ ತಂದುಕೊಟ್ಟವರಿಗೇ ಪಂಚಾಯಿತಿ ಮತ ಹಾಕುತ್ತಿದ್ದರು. ಅಟಾರ್ನಿ ಜನರಲ್ ಅಭ್ಯರ್ಥಿಗಳ ಏಣಿಯ ವಿಷಯ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಆ ರಾಜ್ಯದ ಚುನಾವಣಾ ನಿಯಮ. ವಿದೇಶದಲ್ಲಿರುವವರು 'ಹಿಂತಿರುಗಿ ಬರುವ ಉದ್ದೇಶವಿದೆ' ಎಂದು ಅರ್ಜಿಯಲ್ಲಿ ಗುರುತು ಹಾಕಿದರೆ ಮಾತ್ರ ರಾಜ್ಯದ ಹುದ್ದೆಗಳಿಗೆ ಮತ. ಉಳಿದವರಿಗೆ, ನಮ್ಮಲ್ಲಿ ದೆಹಲಿಗೆ ಆರಿಸಿ ಕಳಿಸುವಂಥ, ಇಡೀ ದೇಶದ ದೊಡ್ಡ ಚುನಾವಣೆಯಷ್ಟೇ.

ಅನ್ನ ಬಡಿಸುತ್ತಿದ್ದವಳನ್ನು ಕೇಳಿದೆ: "ವಾಪಸ್ ಹೋಗ್ತೀನಿ ಅಂತ ಟಿಕ್ ಮಾಡಿದ್ಯಾ?"

"ಹೂಂ. ಇಲ್ದಿದ್ರೆ ಅಟಾರ್ನಿ ಜನರಲ್ ಸಿಗಲ್ಲ."

"ಅವರು ಸಿಗಲಿ ಅಂತ ಮಾಡಿದ್ದಾ, ನಿಜವಾಗ್ಲೂ ಮಾಡಿದ್ದಾ?"

"ಇದೇನು, ಇಂಟರ್‌ವ್ಯೂನಾ?"

"ಕ್ಲಾರಿಫಿಕೇಶನ್ ಅಷ್ಟೇ, ಮಾರಾಯ್ತಿ."

"ಹಾಗಾದ್ರೆ ಬರ್ಕೋ. ಅದರ ಕೆಳಗೆ ಸಹಿ ಮಾಡಿದೀನಿ. ಸುಳ್ಳಿಗೆ ನಾನು ಸಹಿ ಹಾಕಲ್ಲ. ಎರಡು ವರ್ಷ ಲಂಡನ್, ಆಮೇಲೆ ಅಮೆರಿಕಕ್ಕೇ ವಾಪಸ್ ಹೋಗೋಣ ಅಂದಿದ್ಯಾರು?"

ಅಂದವನು ನಾನು. ಒಂಬತ್ತು ವರ್ಷವಾಗಿದೆ. ಮಂತ್ರಿಗಳ ಹಳೆಯ ಭರವಸೆಗಳನ್ನು ದಿನಾಂಕದ ಸಮೇತ ಹೆಕ್ಕಿ ತೆಗೆದು ಅವರ ಮಾನ ಕಳೆಯುವುದಕ್ಕೇ ನನಗೆ ಸಂಬಳ. ನನ್ನದೊಂದನ್ನು ಯಾರೂ ಹೆಕ್ಕುವುದಿಲ್ಲ ಎಂದುಕೊಂಡಿದ್ದೆ. ಸಾರು ಹಾಕಿದಳು. ಉಪ್ಪು ಸರಿಯಿತ್ತು. ಸರಿಯಿಲ್ಲದಿದ್ದರೆ ಜಗಳಕ್ಕೊಂದು ವಿಷಯವಾದರೂ ಸಿಗುತ್ತಿತ್ತು.

"ಯಾವಾಗ ಹೋಗೋದು?" ಎಂದೆ.

"ಅದಕ್ಕೆ ಫಾರ್ಮಲ್ಲಿ ಜಾಗ ಇರ್ಲಿಲ್ಲ."

"ನಾನು?"

"ನಿನ್ನ ಉದ್ದೇಶ ನೀನು ಟಿಕ್ ಮಾಡ್ಬೇಕು. ನಾನು ಮಾಡಿದ್ರೆ ಅಕ್ರಮ ಆಗುತ್ತೆ."

ಲಕೋಟೆಯ ಮೇಲೆ ಒಬ್ಬ ಸಾಕ್ಷಿಯ ಸಹಿ ಬೇಕಿತ್ತು. ಮತದಾರಳು ನನ್ನ ಕಣ್ಣೆದುರೇ ಸಹಿ ಮಾಡಿದ್ದಾಳೆ ಎಂದು ನಾನೇ ದೃಢಪಡಿಸಿದೆ. ಅಂಚೆಗೆ ಹಾಕಿದವನೂ ನಾನೇ.

ಅವಳ ಅಟಾರ್ನಿ ಜನರಲ್ ಗೆದ್ದರು. ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಮೊನ್ನೆ ಶೈಲಾ ಹೀಥ್ರೋದಿಂದ ಅಮೆರಿಕಕ್ಕೆ ಹೊರಡುವ ವಿಮಾನದ ಟಿಕೆಟ್ ಕಳಿಸಿ, ಎಲ್ಲ ಸರಿಯಿದೆಯಾ ಒಮ್ಮೆ ನೋಡು ಎಂದಳು. ನೋಡಿದೆ. ಹೆಸರು, ದಿನ, ಊರು ಸರಿಯಿವೆ. ಟಿಕೆಟ್ ಒಬ್ಬರಿಗೆ, ಹೋಗುವುದಕ್ಕೆ ಮಾತ್ರ.