ಪಟ್ಟಂ ಮನೆಯಲ್ಲಿ ಮುಗಿದ ಕಾದಂಬರಿ

"ಈ ಭಾನುವಾರದ ಕೂಟದಲ್ಲಿ ನಾನು ಮಾತಾಡಿ ಕೂತ ಮೇಲೆ ಇನ್ನೊಬ್ಬ ಆ ಪುಸ್ತಕದ ಸುದ್ದಿ ಎತ್ತಬಾರದು. ಹಾಗೆ ಮಾತಾಡ್ತೇನೆ, ನೋಡು ಬೇಕಾದರೆ!"

ಉಪೇಂದ್ರ ಈ ಭೀಷಣ ಪ್ರತಿಜ್ಞೆ ಮಾಡಿದಾಗ ಅವನ ಮುಖದ ತುಂಬ ಸೋಪಿನ ನೊರೆ ಇತ್ತು, ಕೈಯಲ್ಲಿ ಕ್ಷೌರದ ಕತ್ತಿ ಇತ್ತು. ಆದ್ದರಿಂದ ಮಾತಿಗೆ ತಕ್ಕಮಟ್ಟಿನ ವೀರಾವೇಶವೂ ಬಂದಿತ್ತು. ಒಳಗೆ ದೋಸೆ ಹೊಯ್ಯುತ್ತಿದ್ದ ಅವನ ಹೆಂಡತಿ ಕುಸುಮಾವತಿ ಮಾತ್ರ, "ಮೊದಲು ಪುಸ್ತಕ ಓದಿ ಆಗಲಿ" ಎಂದಳು.

ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿ, ಕಾಸರಗೋಡು ಕೇರಳಕ್ಕೆ ಸೇರಿದ ಹೊಸತು ಅದು. ಕಾಸರಗೋಡಿನ ಸರಕಾರಿ ಕಚೇರಿಯಲ್ಲಿ ಹಾಯಾಗಿ ಗುಮಾಸ್ತನಾಗಿದ್ದ ಉಪೇಂದ್ರನನ್ನು ಸರಕಾರ ಎತ್ತಿ ತಿರುವನಂತಪುರಕ್ಕೆ ಹಾಕಿತ್ತು. ಅಲ್ಲಿನ ಪಟ್ಟಂ ಬಡಾವಣೆಯಲ್ಲೊಂದು ಬಾಡಿಗೆ ಮನೆ. ಆಸುಪಾಸಿನಲ್ಲಿ ಅವನ ಹಾಗೆಯೇ ಬಂದು ಬಿದ್ದ ನಮ್ಮಂಥ ಕೆಲವು ಕನ್ನಡದ ಮನೆಗಳು. ಅವನ ಮಕ್ಕಳೂ ನಮ್ಮ ಮಕ್ಕಳೂ ಮಲಯಾಳದಲ್ಲಿ ಜಗಳಾಡಿ ಮಲಯಾಳದಲ್ಲೇ ರಾಜಿಯಾಗುತ್ತಿದ್ದವು. ಕನ್ನಡ ಪುಸ್ತಕ ಎಂದರೆ ಅಂಗಡಿಯವರು ನಮ್ಮ ಮುಖವನ್ನೇ ನೋಡುತ್ತಿದ್ದರು. ಎರ್ನಾಕುಳದ ಬ್ಯಾಂಕಿನಲ್ಲಿದ್ದ ಜನಾರ್ದನನೆಂಬ ಪುಣ್ಯಾತ್ಮ, ಮಂಗಳೂರಿನಿಂದ ಬರುವವರ ಹತ್ತಿರ ಒಂದು ಪುಸ್ತಕ ತರಿಸಿ, ಈ ಕಡೆ ರೈಲು ಹತ್ತುವ ಯಾರ ಕೈಯಲ್ಲಾದರೂ ಕೊಟ್ಟುಬಿಡುತ್ತಿದ್ದ. ಆ ಒಂದೇ ಪ್ರತಿ ಮನೆಯಿಂದ ಮನೆಗೆ ತಿರುಗಬೇಕು.

ಆಹಾ, ಏನು ಕಾಲ ಅದು! ಮಲಯಾಳ ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ಬಂದ ಕನ್ನಡ ಪುಸ್ತಕವನ್ನು ಬಿಡಿಸಿದಾಗ ಹೆಂಗಸರು ಮೊದಲು ಮೂಸಿ ನೋಡುತ್ತಿದ್ದರು. ಕಥೆಯಲ್ಲಿ ಯಾರೋ ಕೆಸುವಿನೆಲೆಯ ಪತ್ರೊಡೆ ಮಾಡಿದರೆ ಇಲ್ಲಿ ಅಡುಗೆಮನೆಯಲ್ಲಿ ಕಣ್ಣು ಒದ್ದೆಯಾಗುತ್ತಿತ್ತು. ಈಗ ಬೇಕೆಂದಷ್ಟು ಪುಸ್ತಕ ಕೊಳ್ಳುತ್ತೇವೆ. ಹಾಗೆ ಹಸಿದು ಓದಿದ್ದು ಮಾತ್ರ ಮತ್ತೆ ಬರಲಿಲ್ಲ.

ಹೀಗೆ ಹಂಚಿಕೊಂಡು ಓದುವ ನಮ್ಮ ಕೂಟಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಓದಿದವರು ಪುಸ್ತಕವನ್ನು ಎಷ್ಟು ಬೇಕಾದರೂ ಹೊಗಳಬಹುದು, ಕಥೆಯ ಕೊನೆಯನ್ನು ಮಾತ್ರ ಬಾಯಿಬಿಡಬಾರದು. ಎಲ್ಲ ಮನೆ ಸುತ್ತಿ ಮುಗಿದ ಮೇಲೆ, ಕಟ್ಟಕಡೆಗೆ ಓದಿದ ಮನೆಯಲ್ಲಿ ಸಭೆ. ಆ ಮನೆಯ ಯಜಮಾನ ಎದ್ದು ನಿಂತು ಕೊನೆಯನ್ನು ಹೇಳಿ, ಅದರ ಸ್ವಾರಸ್ಯ ವಿವರಿಸಬೇಕು. ಈ ಸಲ ಆ ಪಟ್ಟ ಉಪೇಂದ್ರನದು!

ಅದರಲ್ಲೂ ಈ ಸಲದ ಕಾದಂಬರಿ ಭಾರೀ ಹೆಸರು ಮಾಡಿತ್ತು. ಕರಾವಳಿಯ ಹುಡುಗಿಯೊಬ್ಬಳು ದೂರದ ಊರಿನ ದೊಡ್ಡ ಅಧಿಕಾರಿಯನ್ನು ಮದುವೆಯಾಗಿ, ತವರು ಕಾಣದೆ ವರ್ಷಗಳನ್ನು ಕಳೆಯುವ ಕಥೆ. ಓದಿ ಅಳದ ಮನೆಯಿಲ್ಲ. ಉಪೇಂದ್ರ ಮೊದಲ ಅಧ್ಯಾಯವನ್ನು ಶ್ರದ್ಧೆಯಿಂದ ಶುರುಮಾಡಿ, ಶ್ರದ್ಧೆಯಿಂದ ನಿದ್ದೆ ಹೋದ. ಮತ್ತೆ ಶುರುಮಾಡಿದ. ಮತ್ತೆ ಗೊರಕೆ. ಶನಿವಾರ ಸಂಜೆಯಾದರೂ ಹುಡುಗಿಯ ಮದುವೆಯೇ ಆಗಿರಲಿಲ್ಲ.

ಅವನ ಮನೆಯಲ್ಲೂ ಒಂದು ಮದುವೆಯ ಸಂಗತಿ ಕುದಿಯುತ್ತಿತ್ತು. ಕುಸುಮಾವತಿಯ ತಂಗಿ ರತ್ನಳ ಮದುವೆ ಬರುವ ವಾರ ಊರಿನಲ್ಲಿತ್ತು. ಇಲ್ಲಿಗೆ ಬಂದ ಮೇಲೆ ಕುಸುಮಾವತಿ ಒಮ್ಮೆಯೂ ತವರಿಗೆ ಹೋದವಳಲ್ಲ. ಕೇಳಿದಾಗಲೆಲ್ಲ ಉಪೇಂದ್ರ ಮುಖ ಸಣ್ಣದು ಮಾಡಿ, "ನಾನೆಂತ ಮಾಡಲಿ? ನಿತ್ಯಾನಂದರಾಯರು ರಜೆ ಕೊಡ್ಲಿಕ್ಕಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ" ಎನ್ನುತ್ತಿದ್ದ. ನಿತ್ಯಾನಂದರಾಯರು ಅವನ ಮೇಲಧಿಕಾರಿ, ಕೂಟದ ಹಿರಿಯರೂ ಹೌದು. ನಿಜ ಹೇಳಬೇಕೆಂದರೆ, ಬಡ್ತಿಯ ಸಮಯದಲ್ಲಿ ರಜೆ ಕೇಳಿದರೆ ಎಲ್ಲಿ ಕೆಟ್ಟವನಾಗುತ್ತೇನೋ ಎಂದು ಉಪೇಂದ್ರ ಅವರ ಹತ್ತಿರ ಬಾಯಿಯನ್ನೇ ತೆರೆದಿರಲಿಲ್ಲ. ಕುಸುಮಾವತಿ ತಂಗಿಗೆಂದು ತಂದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿ, ಮತ್ತೆ ಮಡಚಿ ಇಡುತ್ತಿದ್ದಳು. ನೋಡಿದವರಿಗೆ ಅಯ್ಯೋ ಅನ್ನಿಸಬೇಕು.

ಶನಿವಾರ ಸಂಜೆ ಆಪದ್ಬಾಂಧವಿಯಾಗಿ ಕಂಡವಳು ಅವಳೇ. ಅವಳು ಪುಸ್ತಕವನ್ನು ಯಾವಾಗಲೋ ಓದಿ ಮುಗಿಸಿದ್ದಳು. ಉಪೇಂದ್ರ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕುಳಿತು, ಕಥೆ ಹೇಳೆಂದು ಗೋಗರೆದ.

"ಅದರ ಕೊನೆಯ ಹಾಳೆಗಳು..." ಎಂದು ಅವಳು ಶುರುಮಾಡಿದಳು.

"ಹಾಳೆಯ ಸಂಗತಿ ನನಗೆಂತಕ್ಕೆ? ಕೊನೆಗೆ ಎಂತ ಆಗ್ತದೆ, ಅದು ಹೇಳು."

ಕುಸುಮಾವತಿ ಸೌಟನ್ನು ಕೆಳಗಿಟ್ಟು, ಸಾವಕಾಶವಾಗಿ ಕೊನೆಯನ್ನು ಹೇಳಿದಳು. ಹೇಳುವಾಗ ಒಲೆಯ ಮೇಲಿನ ಸಾರು ಉಕ್ಕಿದ್ದೂ ಅವಳಿಗೆ ತಿಳಿಯಲಿಲ್ಲ. ಉಪೇಂದ್ರ ಅದನ್ನು ಗಮನಿಸಲಿಲ್ಲ. ಅವನು ಭಾಷಣದಲ್ಲಿ ಎಲ್ಲೆಲ್ಲಿ ಕೈ ಎತ್ತಬೇಕೆಂದು ಯೋಚಿಸುತ್ತಿದ್ದ.

ಭಾನುವಾರ ಸಂಜೆ ಜನ ಬಂದ ಪರಿ ನೋಡಬೇಕಿತ್ತು. ಗೋಳಿಬಜೆ ಎಣ್ಣೆಯಿಂದ ಏಳುವ ಮೊದಲೇ ಚಾಪೆ ತುಂಬಿತು. ಕೂಟಕ್ಕೆ ಯಾವಾಗಲೂ ತಡವಾಗಿ ಬರುವ ದಾಮೋದರ ಎಲ್ಲರಿಗಿಂತ ಮುಂದೆ ಕೂತಿದ್ದ. ಅವನ ಹೆಂಡತಿ ಚಂದ್ರಾವತಿ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಳು. ನಿತ್ಯಾನಂದರಾಯರಿಗೆ ಮನೆಯಲ್ಲಿದ್ದ ಒಂದೇ ಕುರ್ಚಿ. ತನ್ನ ವಾಗ್ವೈಭವದ ಕೀರ್ತಿ ಇಷ್ಟು ದೂರ ಹಬ್ಬಿದೆಯೇ ಎಂದು ಉಪೇಂದ್ರ ಒಳಗೊಳಗೇ ಉಬ್ಬಿ ಎದ್ದು ನಿಂತ.

"ಸಹೃದಯರೇ! ಕಥಾನಾಯಕಿ ಕಿಟಕಿಯಲ್ಲಿ ನಿಂತು ರೈಲಿನ ಕೂಗನ್ನು ಕೇಳುತ್ತಿದ್ದಾಳೆ..."

ಚಾಪೆಯ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಕಥೆಯಲ್ಲಿ ಅಷ್ಟರಲ್ಲಿ ಅವಳ ಗಂಡ ಬರುತ್ತಾನೆ. ಅವನ ಕೈಯಲ್ಲಿ ರೈಲಿನ ಟಿಕೇಟು. ರಜೆ ಕೇಳಿ ಬಂದಿದ್ದೇನೆ, ಹೊರಡು, ಎರ್ನಾಕುಳದಲ್ಲಿ ಗಾಡಿ ಬದಲಿಸಿದರೆ ಆಯಿತು, ನಿನ್ನ ತಂಗಿಯ ಮದುವೆಗೆ ನಾವಿಲ್ಲದೆ ಆದೀತೇ ಎನ್ನುತ್ತಾನೆ. ಅವಳು ಸೀರೆಯ ಪೆಟ್ಟಿಗೆ ಮುಚ್ಚುತ್ತಾಳೆ. ಕಥೆ ಮುಗಿಯುತ್ತದೆ. ಉಪೇಂದ್ರನಿಗೆ ಇಷ್ಟಕ್ಕೆ ತೃಪ್ತಿಯಾಗಲಿಲ್ಲ. ಅವನು ಬಲಗೈ ಎತ್ತಿ, ತವರಿಗೆ ಕರೆದುಕೊಂಡು ಹೋಗದವನು ಗಂಡನೇ ಅಲ್ಲವೆಂದ. ರಜೆ ಸಿಗುವುದಿಲ್ಲ ಎಂಬುದು ಹೇಡಿಗಳು ಹುಡುಕುವ ನೆಪವೆಂದ. ಅಂಥವರಿಗೆ ಈ ಕೂಟದಲ್ಲಿ ಜಾಗವಿರಬಾರದೆಂದು ಎಡಗೈಯನ್ನೂ ಎತ್ತಿದ.

ಚಪ್ಪಾಳೆ ಬೀಳಲಿಲ್ಲ. ಚಂದ್ರಾವತಿ ಹುಬ್ಬು ಗಂಟಿಕ್ಕಿ ಕೇಳಿದಳು: "ಅಲ್ಲ ಮಾರಾಯ್ರೆ, ಆ ಹುಡುಗಿಗೆ ತಂಗಿ ಎಲ್ಲಿಂದ ಬಂದಳು? ಅವಳು ಅಪ್ಪ ಅಮ್ಮನಿಗೆ ಒಬ್ಬಳೇ ಮಗಳಲ್ಲವಾ?"

ಉಪೇಂದ್ರನ ಎರಡೂ ಕೈಗಳು ಗಾಳಿಯಲ್ಲೇ ಉಳಿದವು.

"ಎರ್ನಾಕುಳ ಹೇಗೆ ಬಂತು?" ಎಂದು ದಾಮೋದರ ಇನ್ನೊಂದು ಮೊಳೆ ಹೊಡೆದ. "ಅವಳಿರುವುದು ಬೊಂಬಾಯಿಯಲ್ಲಿ."

"ಹಾಗಾದರೆ ಕೊನೆಯಲ್ಲಿ ಇರುವುದು ಎಂತ? ನೀವೇ ಹೇಳಿ" ಎಂದು ಉಪೇಂದ್ರ ತಿರುಗಿ ಬಿದ್ದ.

ಈಗ ತಲೆ ತಗ್ಗಿಸುವ ಸರದಿ ದಾಮೋದರನದು. ಪುಸ್ತಕದ ಕೊನೆಯ ಹಾಳೆಗಳು ತನ್ನ ಮನೆಗೆ ಬರುವಾಗಲೇ ಇರಲಿಲ್ಲ, ಜನಾರ್ದನ ಅಷ್ಟು ಪ್ರೀತಿಯಿಂದ ಕಳಿಸಿದ್ದಕ್ಕೆ ಕೊಂಕು ಹೇಳುವುದು ಹೇಗೆಂದು ಸುಮ್ಮನಿದ್ದೆ ಎಂದು ಒಪ್ಪಿಕೊಂಡ. ನಿತ್ಯಾನಂದರಾಯರು ಕೆಮ್ಮಿದರು. ತಮ್ಮ ಮೊಮ್ಮಗನೇ ಹರಿದನೆಂದು ಭಾವಿಸಿ ಅವನಿಗೆ ಎರಡು ಬಾರಿಸಿದ್ದೂ ಆಗಿತ್ತಂತೆ, ಪಾಪ! ಕೊನೆ ಹೇಳಬಾರದೆಂಬ ನಿಯಮ ಎಲ್ಲರ ಮಾನವನ್ನೂ ಕಾಪಾಡಿತ್ತು. ಅವರೆಲ್ಲ ಓಡಿಬಂದದ್ದು ಉಪೇಂದ್ರನ ಭಾಷಣಕ್ಕಲ್ಲ. ಆ ಹುಡುಗಿಗೆ ಏನಾಯಿತೆಂದು ತಿಳಿಯದೆ ಯಾರಿಗೂ ಊಟ ಸೇರಿರಲಿಲ್ಲ.

ಮೆಲ್ಲಗೆ ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ತಿರುಗಿತು. ಕುಸುಮಾವತಿ ಗೋಳಿಬಜೆಯ ತಟ್ಟೆ ಹಿಡಿದು ನಿಂತಿದ್ದಳು.

"ಹಾಳೆ ಇಲ್ಲ ಅಂತ ಹೇಳ್ಲಿಕ್ಕೆ ಹೊರಟಿದ್ದೆ, ಇವರು ಬಿಡಲಿಲ್ಲ. ಕೊನೆ ಹೇಳು ಅಂದರು. ನನಗೆ ಹೇಗೆ ಆಗಬೇಕು ಅಂತ ಉಂಟೋ ಹಾಗೆ ಹೇಳಿದೆ" ಎಂದಳು. ತಟ್ಟೆಯನ್ನು ನಿತ್ಯಾನಂದರಾಯರ ಮುಂದಿಟ್ಟು ಮೆಲ್ಲಗೆ ಸೇರಿಸಿದಳು: "ಕಥೆಯಲ್ಲಿ ಮಾತ್ರ ಆಗುವ ಸಂಗತಿ, ಗೊತ್ತುಂಟು. ನೀವು ರಜೆ ಕೊಡುವುದಿಲ್ಲವಲ್ಲ."

"ನಾನೋ?" ರಾಯರು ಕೈಗೆತ್ತಿಕೊಂಡ ಗೋಳಿಬಜೆಯನ್ನು ತಟ್ಟೆಗೆ ಹಾಕಿದರು. "ಇವರು ನನ್ನನ್ನು ಕೇಳಿದ್ದೇ ಇಲ್ಲವಲ್ಲ, ತಂಗೀ!"

ಉಪೇಂದ್ರನಿಗೆ ಆಗ ನೆಲ ಬಾಯಿ ತೆರೆದರೆ ಸಾಕೆನ್ನಿಸಿತು. ಹೇಡಿಗಳಿಗೆ ಕೂಟದಲ್ಲಿ ಜಾಗವಿಲ್ಲವೆಂದು ಈಗಷ್ಟೇ ಸಾರಿದ್ದವನೂ ಅವನೇ. ಚಂದ್ರಾವತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾಳೆಯಿಂದಲೇ ರಜೆಯೆಂದು ರಾಯರು ಕುರ್ಚಿಯಲ್ಲಿ ಕೂತಲ್ಲೇ ಅಪ್ಪಣೆ ಮಾಡಿದರು. ಕಾದಂಬರಿಯ ಕೊನೆ ಇದೇ ಎಂದು ಕೂಟ ಒಮ್ಮತದಿಂದ ತೀರ್ಮಾನಿಸಿತು. ನಿಜವಾದ ಹಾಳೆಗಳು ಸಿಕ್ಕಿದರೂ ಬೇಡವೆಂದಳು ಚಂದ್ರಾವತಿ.

ಎಲ್ಲರೂ ಹೋದ ಮೇಲೆ ಉಪೇಂದ್ರ ತಟ್ಟೆಗಳನ್ನು ಒಟ್ಟುಮಾಡುತ್ತಾ ಸುತ್ತಿ ಬಳಸಿ ಮಾತಿಗೆ ಬಂದ. "ನಾನು ಒಂದು ವೇಳೆ ನಿನ್ನ ಹತ್ತಿರ ಕಥೆ ಕೇಳದೆ ಇದ್ದಿದ್ದರೆ?"

"ಇನ್ನೊಂದು ಕೊನೆಯೂ ಇತ್ತು" ಎಂದಳು ಕುಸುಮಾವತಿ, ಸೀರೆ ಮಡಚುತ್ತಾ. "ಅದರಲ್ಲಿ ಅವಳು ಮಕ್ಕಳನ್ನು ಕಟ್ಟಿಕೊಂಡು ನಾಳೆ ಬೆಳಗಿನ ಗಾಡಿಗೆ ಹೋಗ್ತಾಳೆ. ಗಂಡ ಇಲ್ಲೇ ಕೂತು ಕೈಯಾರೆ ಗಂಜಿ ಬೇಯಿಸಿಕೊಳ್ತಾನೆ."

ಉಪೇಂದ್ರ ಅಟ್ಟ ಹತ್ತಿ ದೊಡ್ಡ ಟ್ರಂಕು ಇಳಿಸಿದ.