ಜಲಜಮ್ಮನ ಬಾವಿ ಗಣಿಯಾದದ್ದು

ಹೊಸನಗರ ತಾಲ್ಲೂಕಿನ ನಮ್ಮೂರಿನ ಜಲಜಮ್ಮನವರ ಕುಡಿಯುವ ನೀರಿನ ಬಾವಿಯು ಜೂನ್ ಹತ್ತರಿಂದ ಬಾವಿಯಲ್ಲ, ಕಬ್ಬಿಣದ ಗಣಿ ಎಂದು ಸಂಬಂಧಪಟ್ಟವರಿಗೆಲ್ಲ ತಿಳಿಯಪಡಿಸಲಾಗಿದೆ. ಇದನ್ನು ಸಾಧಿಸಿದವನು ನಾನು. ಮೂರು ತಾಲ್ಲೂಕು ಜಾಲಾಡಿದರೂ ಒಂದು ಬಾಟ್ಲಿ ನೀರಲ್ಲಿ ಗಣಿ ಹಿಡಿದ ಗಂಡಸು ಇನ್ನೊಬ್ಬ ಸಿಗಲ್ಲ.

ಜಲಜಮ್ಮ ಕೇಳಿದ್ದು ಒಂದು ಫಿಲ್ಟರ್ ಅಷ್ಟೇ. ನಮ್ಮದು ಜಂಬಿಟ್ಟಿಗೆ ನೆಲ. ನೀರು ಸೇದುವಾಗ ತಿಳಿ, ಕೊಡದಲ್ಲಿ ನಿಂತರೆ ಕೆಂಪು, ಚಾಪುಡಿ ಬಿದ್ದರೆ ಶಾಯಿ. ಸರ್ಕಾರಿ ಫಿಲ್ಟರಿನ ಅರ್ಜಿಗೆ ಲಗತ್ತಿಸಲು ನಾನು ಬಾಟ್ಲಿ ತುಂಬಿಸಿ ತೀರ್ಥಹಳ್ಳಿಯಲ್ಲಿ ಪರೀಕ್ಷೆಗೆ ಕೊಟ್ಟೆ. ಕಬ್ಬಿಣ ಮಿತಿಯ ಮೂವತ್ತು ಪಟ್ಟು ಎಂದು ವರದಿ ಬಂತು. ಅದರ ಪ್ರತಿ ಸಾಗರದ ಅಂತರ್ಜಲ ಖನಿಜ ಸಂರಕ್ಷಣಾ ಕಛೇರಿಗೆ ಹೋಯಿತು. ಅಲ್ಲಿಂದ ಪರಿವೀಕ್ಷಕ ಗಣೇಶಮೂರ್ತಿ ಜೀಪಲ್ಲಿ ಬಂದು, ಹಗ್ಗ, ರಾಟೆ, ಕೊಡಪಾನಗಳನ್ನು ಗಣಿ ಯಂತ್ರೋಪಕರಣ ಎಂದು ಬರೆದುಕೊಂಡು ಬಾವಿಗೆ ಮೊಹರು ಹಾಕಿದರು.

"ಮತ್ತೆ ನಾನು ಎಂತ ಕುಡಿಯೂದು?" ಅಂದರು ಜಲಜಮ್ಮ.

"ನೀರು ಕುಡೀರಮ್ಮ, ಅಡ್ಡಿಯಿಲ್ಲ. ಅದರೊಳಗಿನ ಕಬ್ಬಿಣ ಸರ್ಕಾರದ್ದು."

"ನಲವತ್ತು ವರ್ಷದಿಂದ ಕುಡ್ದಾಗಿದೆಯಲ್ಲ."

"ಅದು ಅಕ್ರಮ ದಾಸ್ತಾನು. ಹೊಟ್ಟೆ ತಪಾಸಣೆ ನನ್ನ ವ್ಯಾಪ್ತಿಗೆ ಬರಲ್ಲ, ನಿಮ್ಮ ಪುಣ್ಯ."

ಜಲಜಮ್ಮ ವಾರವಿಡೀ ಹಳ್ಳದಿಂದ ನೀರು ಹೊತ್ತರು, ಹೆಜ್ಜೆಗೊಮ್ಮೆ ನನಗೆ ಉಗಿದರು. ನಾನು ಬೈಕ್ ಹತ್ತಿ ಸಾಗರಕ್ಕೇ ಹೋದೆ. "ಸಾರ್, ಕಬ್ಬಿಣ ವಾಪಸ್ ಕೊಟ್ರೆ?" ಗಣೇಶಮೂರ್ತಿ ನಿಯಮಾವಳಿ ತಿರುವಿದರು. ಕೊಡಬಾರದು ಅಂತ ಎಲ್ಲೂ ಇರಲಿಲ್ಲ. ಆದೇಶ ಹೊರಟಿತು:

"ಗಣಿಯ ನೀರನ್ನು ಹನ್ನೆರಡು ಗಂಟೆ ನಿಲ್ಲಿಸಿ ಮೇಲಿನ ತಿಳಿಯನ್ನು ಬಳಸತಕ್ಕದ್ದು. ತಳದ ಕೆಂಪು ಗಷ್ಟನ್ನು ಪ್ರತಿದಿನ ಸಿಬ್ಬಂದಿಯ ಸಮಕ್ಷಮ ಗಣಿಗೇ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಮತ್ತೆ ಮೊಹರು."

ಅಂದಿನಿಂದ ಜಲಜಮ್ಮ ಗಷ್ಟು ಸುರಿಯುತ್ತಾರೆ, ಸಿಬ್ಬಂದಿ ಸಹಿ ಹಾಕುತ್ತಾರೆ. ನಾಲ್ಕು ತಿಂಗಳಲ್ಲಿ ನೀರು ಸೇದುವಾಗಲೇ ಕುಂಕುಮ. ತೆಗೆದಷ್ಟೂ ನಿಕ್ಷೇಪ ಹೆಚ್ಚುವ ಏಕೈಕ ಗಣಿ ಎಂದು ವರದಿ ಬರೆದು ಗಣೇಶಮೂರ್ತಿ ಬಡ್ತಿ ಪಡೆದರು. ಫಿಲ್ಟರ್ ಅರ್ಜಿ ತಿರಸ್ಕೃತವಾಯಿತು. ಗಣಿಗೆ ಫಿಲ್ಟರ್ ಕೊಡುವ ಯೋಜನೆ ಇಲ್ಲ.

ಕುಡಿಯೋಕೆ ಜಲಜಮ್ಮ ಈಗ ಪಕ್ಕದ ಮನೆ ಪುಟ್ಟಪ್ಪಣ್ಣನ ಬಾವಿಗೆ ಹೋಗುತ್ತಾರೆ. ಅದರ ನೀರು ಕನ್ನಡಿ. ಪುಟ್ಟಪ್ಪಣ್ಣನಿಗೆ ಅದೇ ಅವಮಾನ.

"ನಮ್ಮನೆಗೆ ಒಂದು ಜೀಪೂ ಬರಲ್ಲ ಅಂದ್ರೆ ಎಂತ ಮರ್ಯಾದೆ ಮಾರಾಯ? ನಂದೂ ಒಂದು ಬಾಟ್ಲಿ ಹಿಡಿ."

ಮೊನ್ನೆ ತನ್ನ ಬಾವಿಗೆ ಬಿಡೋಕೆ ಒಂದು ಮೂಟೆ ತುಕ್ಕು ಹಿಡಿದ ನೇಗಿಲ ಗುಳ, ಮೊಳೆ, ಸರಪಳಿ ತಂದ. ನಾನು ಎಷ್ಟು ದಿನ ನೆನೀಬೇಕು ಅಂತ ಲೆಕ್ಕ ಹೇಳಿದೆ. ಮೂಟೆ ಭಾರ ಇತ್ತು. ನೀರಿಗೆ ಬಂದಿದ್ದ ಜಲಜಮ್ಮ ಕೊಡ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಹಗ್ಗದ ಇನ್ನೊಂದು ತುದಿ ಹಿಡಿದರು.

"ನಿಧಾನ ಇಳ್ಸಿ," ಅಂದರು, "ಕಲಕಿದ್ರೆ ಇವತ್ತಿನ ನೀರು ಹಾಳಾಗ್ತದೆ."